ಗೋರಿ ಅಂದರೆ ಅಗೌರವವೇ? ಅಷ್ಟೂರಿನ ಒಂದು ಪದದ ಬಗ್ಗೆ

ಎಲ್ಲರಿಗೂ ನಮಸ್ಕಾರ. ಒಂದು ಪದದ ವಿಷಯದಲ್ಲಿ ನಿಮ್ಮ ಸಹಾಯ ಬೇಕಿತ್ತು. "ಗೋರಿ" ಅನ್ನುವುದು ಬಯ್ಗುಳದಂತೆ ಕೇಳುತ್ತದೆಯೇ?

ಬೀದರಿಗೆ ಬರುವ ಶಾಲಾ ಮಕ್ಕಳಿಗೆ ಕೊಡಲು ಅಷ್ಟೂರಿನ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ಅಷ್ಟೂರು ಬೀದರ್ ಪೇಟೆಯಿಂದ ಪೂರ್ವಕ್ಕೆ ಮೂರ್ನಾಲ್ಕು ಕಿಲೋಮೀಟರ್. ಬಹಮನಿ ಸುಲ್ತಾನರನ್ನು ಮಣ್ಣು ಮಾಡಿದ ಜಾಗ. ನಾನು "ಬಹಮನಿ ಸುಲ್ತಾನರ ಗೋರಿಗಳು" ಅಂತ ತಲೆಬರಹ ಕೊಟ್ಟಿದ್ದೆ. ಕರಡು ನೋಡಿದ ಹಿರಿಯರೊಬ್ಬರು ಗೋರಿ ಬಂದಲ್ಲೆಲ್ಲ ಗೀಟು ಹಾಕಿ "ಸಮಾಧಿ" ಅಂತ ತಿದ್ದಿದರು. ಪಕ್ಕದಲ್ಲಿ, "ಗೋರಿ ಅಂದ್ರೆ ಸತ್ತವರನ್ನ ಹೀಯಾಳಿಸಿದ ಹಾಗಿರುತ್ತೆ" ಅಂತ ಬರೆದಿದ್ದರು.

ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ಆಗಲಿಲ್ಲ. "ಯೋಜನೆಗೆ ಗೋರಿ ಕಟ್ಟಿದರು", "ತನ್ನ ಗೋರಿ ತಾನೇ ತೋಡಿಕೊಂಡ" ಅಂತ ದಿನಾ ಓದುತ್ತೇವೆ. ಒಳ್ಳೆಯ ಸುದ್ದಿಯ ಜೊತೆ ಈ ಪದ ಬರುವುದೇ ಇಲ್ಲ. ಆದರೆ ತಪ್ಪು ಪದದ್ದಲ್ಲ. ಪಾರಸಿಯಲ್ಲಿ ಗೋರ್ ಅಂದರೆ ಹೆಣ ಹೂಳುವ ಗುಂಡಿ, ಅಷ್ಟೇ. ಕನ್ನಡಕ್ಕೆ ಬಂದು ಬಾಲಕ್ಕೊಂದು ಇಕಾರ ಹಚ್ಚಿಕೊಂಡು ನಮ್ಮ ಮನೆಯದೇ ಆಯಿತು. ತೆಲುಗಿನಲ್ಲೂ ಗೋರಿ ಇದೆ. ಮರಾಠಿಯವರು ಥಡಗೆ ಅನ್ನುತ್ತಾರೆ, ಕಬರ್ ಅನ್ನುತ್ತಾರೆ. ಬೀದರಿನಲ್ಲಿ ನಿಂತರೆ ಇವೆಲ್ಲ ಒಂದೇ ಸಂತೆಯಲ್ಲಿ ಕಿವಿಗೆ ಬೀಳುತ್ತವೆ. 1956ರಲ್ಲಿ ಹೈದರಾಬಾದ್ ರಾಜ್ಯ ಒಡೆದಾಗ ಈ ಜಿಲ್ಲೆಯ ಉದಗೀರ, ನಿಲಂಗಾ ಕಡೆಯವು ಆಗಿನ ಮುಂಬಯಿ ರಾಜ್ಯದ ಪಾಲಿಗೆ ಹೋದವು, ಈಗ ಅವು ಮಹಾರಾಷ್ಟ್ರದಲ್ಲಿವೆ. ಜಹೀರಾಬಾದ್, ನಾರಾಯಣಖೇಡ ಆಂಧ್ರಕ್ಕೆ. ಗಡಿ ಗೆರೆ ಬಿತ್ತು, ಮಾತು ಮಾತ್ರ ಹಾಗೇ ಬೆರೆತುಕೊಂಡಿದೆ.

ಕರಡು ತಿದ್ದುವ ಮೊದಲು ಇನ್ನೊಮ್ಮೆ ಅಷ್ಟೂರಿಗೆ ಹೋಗಿ ಬಂದೆ. ಅಲ್ಲಿ ಏನಂತಾರೆ ಅಂತ ಕೇಳುವುದಕ್ಕೇ ಹೋದದ್ದು.

ಮೊದಲು ಅಹ್ಮದ್ ಶಾಹ ವಲಿಯ ಕಟ್ಟಡ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದವನು ಇವನೇ. ತೀರಿಕೊಂಡದ್ದು 1436ರಲ್ಲಿ. ಒಳಗೆ ಕತ್ತಲೆ. ನೋಡಿಕೊಳ್ಳುವವರು ಬಾಗಿಲ ಹತ್ತಿರ ಕನ್ನಡಿ ಹಿಡಿದು ಬಿಸಿಲನ್ನು ಮೇಲಕ್ಕೆ ಎರಚಿದರು. ಒಂದು ಕೈಯಗಲದ ಬೆಳಕು ಗೋಡೆ ಮೇಲೆ ಓಡಿತು. ಅದು ಹೋದಲ್ಲೆಲ್ಲ ಕುಂಕುಮದ ಕೆಂಪು, ಬಂಗಾರದ ಅಕ್ಷರ, ಬಳ್ಳಿ. ಇರಾನಿನ ಕಿರ್ಮಾನದ ಸಂತ ಶಾಹ ನಿಯಾಮತುಲ್ಲಾನ ಪದ್ಯಗಳೂ ಆ ಬರಹದಲ್ಲಿವೆ. ಕನ್ನಡಿ ಹಿಡಿದವರು ಆ ಜಾಗಕ್ಕೆ "ದರ್ಗಾ" ಅಂದರು. ಅಷ್ಟರಲ್ಲಿ ತೆಂಗಿನಕಾಯಿ ಹಿಡಿದ ಅಜ್ಜಿಯೊಬ್ಬರು ಬಂದರು. ಹಣೆಯಲ್ಲಿ ವಿಭೂತಿ. ಕೇಳಿದರೆ, "ಗದ್ದುಗಿಗೆ ಬಂದೀನ್ರಿ" ಅಂದರು. ಅವರಿಗೆ ಅದು ಅಲ್ಲಮಪ್ರಭುವಿನ ಗದ್ದುಗೆ. ಹೋಳಿ ಹುಣ್ಣಿಮೆ ಕಳೆದ ಮೇಲೆ ಇಲ್ಲಿ ಜಾತ್ರೆ ನಡೆಯುತ್ತದೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ತಮ್ಮವರನ್ನು ಕಟ್ಟಿಕೊಂಡು ನಡೆದು ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಅದೇ ದಿನ ಅಲ್ಲಿ ಉರುಸೂ ಹೌದು.

ಅದೇ ಸಾಲಿನಲ್ಲಿ ಮೊಮ್ಮಗ ಹುಮಾಯೂನನ ಕಟ್ಟಡವಿದೆ. ಸಿಡಿಲು ಬಡಿದು ಗುಮ್ಮಟ ಅರ್ಧ ಹಾರಿಹೋಗಿದೆ. ಉಳಿದರ್ಧ ಒಡೆದ ತೆಂಗಿನ ಚಿಪ್ಪಿನ ಹಾಗೆ ನಿಂತಿದೆ. 1458ರಿಂದ 1461ರವರೆಗೆ ಆಳಿದ ಅವನನ್ನು ಇವತ್ತಿಗೂ ಜಾಲಿಮ್, ಅಂದರೆ ಕ್ರೂರಿ, ಅಂತಲೇ ಕರೆಯುತ್ತಾರೆ. ಅದನ್ನು ತೋರಿಸುವಾಗ ಅದೇ ಮನುಷ್ಯ, "ಅದು ಹುಮಾಯೂನನ ಗೋರಿ" ಅಂದರು. ಅಜ್ಜನದು ದರ್ಗಾ, ಮೊಮ್ಮಗನದು ಗೋರಿ. ಎರಡೂ ಒಂದೇ ವಂಶದ್ದು, ಕಟ್ಟಿದ ರೀತಿಯೂ ಹೆಚ್ಚುಕಮ್ಮಿ ಒಂದೇ. ನನಗೆ ಅಲ್ಲೇ ಹೊಳೆಯಿತು: ಈ ಪದಗಳು ಕಟ್ಟಡದ ಹೆಸರಲ್ಲ. ಬದುಕಿರುವವರು ಅಲ್ಲಿಗೆ ಹೋಗಿ ಏನು ಮಾಡುತ್ತಾರೆ ಅನ್ನುವುದರ ಹೆಸರು. ಕಾಯಿ ಒಡೆದರೆ ಗದ್ದುಗೆ, ಚಾದರ ಹೊದಿಸಿದರೆ ದರ್ಗಾ, ಸುಮ್ನೆ ನಿಂತು ನೋಡಿ ಬಂದರೆ ಗೋರಿ.

ಹಾಗಾದರೆ ಎಲ್ಲಕ್ಕೂ "ಸಮಾಧಿ" ಅಂದುಬಿಟ್ಟರೆ? ನನಗೆ ಮನಸ್ಸಿಲ್ಲ. ಸಮಾಧಿ ಅಂದಾಗ ಧ್ಯಾನದ ನೆನಪು ಬರುತ್ತದೆ, ಸಾಧುಗಳ ನೆನಪು ಬರುತ್ತದೆ. ಲಿಂಗಾಯತರಲ್ಲಿ ಕೂತ ಭಂಗಿಯಲ್ಲಿ ಮಣ್ಣು ಮಾಡುವ ಕ್ರಿಯಾಸಮಾಧಿ ನೆನಪಾಗುತ್ತದೆ. ಜಾಲಿಮ್ ಹುಮಾಯೂನನಿಗೆ ಅದು ಒಪ್ಪುವುದಿಲ್ಲ ಅಲ್ವಾ?

"ಗುಮ್ಮಟ" ಆಗಬಹುದು ಅಂದವರೂ ಇದ್ದಾರೆ. ವಿಜಯಪುರದ ಗೋಳಗುಮ್ಮಟವೂ ಮುಹಮ್ಮದ್ ಆದಿಲ್ ಶಾಹನ ಗೋರಿಯೇ ತಾನೆ. ಆಟೋದವರೂ "ಗುಂಬಜ್‌ಗೆ ಬರ್ತೀರಾ?" ಅಂತಲೇ ಕೇಳಿದ್ದು. ಆದರೆ ಗುಮ್ಮಟ ಮೇಲಿನ ಛಾವಣಿಯ ಹೆಸರು, ಕೆಳಗೆ ಮಲಗಿರುವವನದ್ದಲ್ಲ. ಬೀದರಿನ ದಕ್ಷಿಣಕ್ಕಿರುವ ಗೋರನಳ್ಳಿಗೆ ಹೋದರೆ ಈ ಪದ ಕೈಕೊಡುತ್ತದೆ. 1472ರಲ್ಲಿ ಬೀದರಿನ ದೊಡ್ಡ ಮದರಸಾ ಕಟ್ಟಿಸಿದ ಬಹಮನಿ ಮಂತ್ರಿ ಮಹಮೂದ್ ಗವಾನ್ ಅಲ್ಲಿದ್ದಾನೆ. ವೈರಿಗಳು ಸುಳ್ಳು ಪತ್ರ ಹುಟ್ಟಿಸಿ, ಸುಲ್ತಾನ ಅದನ್ನು ನಂಬಿ, 1481ರಲ್ಲಿ ಅವನ ತಲೆ ತೆಗೆಸಿದ. ಅಂಥವನ ಮೇಲೆ ಗುಮ್ಮಟವೇ ಇಲ್ಲ. ಸಾದಾ ಗೋರಿ.

ಇಲ್ಲೇ ಇನ್ನೊಂದು ಪ್ರಶ್ನೆ. ಗೋರಿ ಇರುವ ಹಳ್ಳಿಯೇ ಗೋರನಳ್ಳಿ ಅಂತ ಕೆಲವರು ಬಿಡಿಸುತ್ತಾರೆ. ನನಗೆ ಅನುಮಾನ. ಗೋರಿಯಿಂದ ಬಂದಿದ್ದರೆ ಗೋರಿಹಳ್ಳಿ ಆಗಬೇಕಿತ್ತು. ನಡುವಿನ "ನ" ನೋಡಿದರೆ ರಾಮನಹಳ್ಳಿಯ ಹಾಗೆ ಗೋರ ಅನ್ನುವ ಒಬ್ಬ ಮನುಷ್ಯನ ಹೆಸರು ಕಾಣುತ್ತದೆ. ವಿಠ್ಠಲನ ಭಕ್ತ ಗೋರಾ ಕುಂಬಾರನ ಹೆಸರು ಈ ಸೀಮೆಗೆ ಹೊಸದೇನಲ್ಲ.

ಅಷ್ಟೂರಿನ ದಾರಿಯಲ್ಲಿರುವ "ಚೌಖಂಡಿ"ಯೂ ಹೀಗೇ ಕಾಡುತ್ತದೆ. ನಿಯಾಮತುಲ್ಲಾನ ಮಗ ಖಲೀಲುಲ್ಲಾನ ಗೋರಿ ಅದು. ಚೌಖಂಡಿ ಅಂದರೆ ನಾಲ್ಕು ಅಂತಸ್ತು ಅಂತ ಹೇಳಿಕೊಡುತ್ತಾರೆ. ಎಣಿಸಿದರೆ ಎರಡೇ ಅಂತಸ್ತು, ಮೂಲೆ ಎಂಟು. ಒಳಗೊಂದು ಚೌಕದ ಕಟ್ಟಡವಿದೆ. ಹೆಸರು ಅದಕ್ಕೇ ಇದ್ದಿರಬೇಕು ಅಂತ ನನ್ನ ಊಹೆ. ಕರಾಚಿಯ ಹತ್ತಿರವೂ ಹಳೆಯ ಗೋರಿಗಳ ಜಾಗಕ್ಕೆ ಚೌಖಂಡಿ ಅನ್ನುತ್ತಾರೆ.

ಪತ್ರಿಕೆಗಳಲ್ಲಿ ಕಾಣುವ "ಖಬರಸ್ಥಾನ" ಬಗ್ಗೆಯೂ ಒಂದು ಮಾತು. ಖಬರ್ ಅಂದರೆ ಸುದ್ದಿ, ಎಚ್ಚರ. "ಮೈಮ್ಯಾಗ ಖಬರ್ ಇಲ್ಲ" ಅಂತೀವಲ್ಲ, ಅದು. ಹೂಳಿದ ಜಾಗ ಕಬರ್. ಸ್ತಾನ, ಸ್ಥಾನ ಹೇಗಾದರೂ ಬರೀಲಿ, ಬೇರು ಒಂದೇ. ಮೊದಲ ಅಕ್ಷರ ಮಾತ್ರ ದಯವಿಟ್ಟು ಕ ಇರಲಿ.

ಸದ್ಯಕ್ಕೆ ತಲೆಬರಹದಲ್ಲಿ ಗೋರಿಯನ್ನೇ ಉಳಿಸಿಕೊಂಡಿದ್ದೇನೆ. ಅಹ್ಮದ್ ಶಾಹನಿಗೆ ದರ್ಗಾ, ಗದ್ದುಗೆ ಎರಡನ್ನೂ ಬರೆದಿದ್ದೇನೆ. ಮುದ್ರಣಕ್ಕೆ ಹೋಗುವ ಮೊದಲು ಕೇಳಬೇಕಾದದ್ದು ಇಷ್ಟು. 1481ಕ್ಕಿಂತ ಹಳೆಯ ಶಾಸನದಲ್ಲೋ ದಾಖಲೆಯಲ್ಲೋ ಗೋರನಳ್ಳಿಯ ಹೆಸರು ಯಾರಾದರೂ ನೋಡಿದ್ದೀರಾ? ಮನೆಯಲ್ಲಿ ಕನ್ನಡ ಆಡುವ ಮುಸಲ್ಮಾನ ಗೆಳೆಯರು ಈ ಬಳಗದಲ್ಲಿದ್ದರೆ, ನಿಮ್ಮ ಅಜ್ಜ ಅಜ್ಜಿಯನ್ನು ಮಣ್ಣು ಮಾಡಿದ ಜಾಗಕ್ಕೆ ನೀವು ಕನ್ನಡದಲ್ಲಿ ಏನನ್ನುತ್ತೀರಿ? ಅಲ್ಲಿ ಗೋರಿ ಅಂದರೆ ನೋವಾಗುತ್ತದೆ ಅಂತ ನೀವು ಹೇಳಿದರೆ ನಾಳೆಯೇ ತೆಗೆದುಬಿಡುತ್ತೇನೆ.