ನಾಯಕನ ಹಿಂದಿನ ಕತೆ ಬರೆಯಬೇಕಾದವರು ಯಾರು: ಆಟ ಮಾಡುವವರೋ, ಆಡುವವರೋ?

ಮುಂಬೈ-ಪುಣೆ ಕನ್ನಡಿಗರ ಗೇಮಿಂಗ್ ಗುಂಪು, ವಾರದ ಪ್ರಶ್ನೋತ್ತರ. ಈ ಸಲ ಉತ್ತರ ಕೊಡುವವರು ಪುಣೆಯ ಒಂದು ಗೇಮ್ ಸ್ಟುಡಿಯೋದಲ್ಲಿ ಕತೆ, ಸಂಭಾಷಣೆ ಬರೆಯುವ ನಮ್ಮ ಸದಸ್ಯೆ.

ಪ್ರಶ್ನೆ (ಡೊಂಬಿವಲಿಯ ವಿದ್ಯಾರ್ಥಿ):
ಅಕ್ಕ, ನಮಸ್ಕಾರ. ನಾವು ನಾಲ್ಕು ಜನ ಸೇರಿ ಕಾಲೇಜು ಪ್ರಾಜೆಕ್ಟಿಗೆ ಒಂದು ರೋಲ್ ಪ್ಲೇಯಿಂಗ್ ಗೇಮ್ (ಆಡುವವರೇ ಪಾತ್ರವಾಗಿ ನಿರ್ಧಾರ ಮಾಡುವ ಆಟ) ಮಾಡುತ್ತಿದ್ದೇವೆ. ಕತೆ ನಡೆಯುವುದು 1981-82ರ ಮುಂಬೈಯಲ್ಲಿ. ಕುಂದಾಪುರ ಕಡೆಯ ಹುಡುಗನೊಬ್ಬ ಪರೇಲ್‌ನ ಉಡುಪಿ ಹೋಟೆಲಲ್ಲಿ ಕ್ಲೀನರ್ ಆಗಿ ಸೇರುತ್ತಾನೆ. ರಾತ್ರಿ ಶಾಲೆಗೂ ಹೋಗುತ್ತಾನೆ. ಅಷ್ಟರಲ್ಲಿ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗುತ್ತದೆ. ಅವನ ಅಪ್ಪ, ಮನೆ, ಊರು ಬಿಟ್ಟ ಕಾರಣ ಎಲ್ಲವನ್ನೂ ನಾವೇ ಬರೆಯಬೇಕು ಅನ್ನುವುದು ನನ್ನ ವಾದ. ಅದನ್ನೆಲ್ಲ ಆಡುವವರಿಗೇ ಬಿಡೋಣ, ಸ್ಕೈರಿಮ್ ಆಟದ ಥರ ಇರಲಿ ಅಂತ ಗೆಳೆಯರು. ಇದೇ ಜಗಳದಲ್ಲಿ ಕೆಲಸ ನಿಂತಿದೆ. ಯಾವುದು ಸರಿ?

ಉತ್ತರ:
ನಿಮ್ಮ ಆಟಕ್ಕೆ ನಿಮ್ಮ ಮಾತೇ ಜಾಸ್ತಿ ಸರಿ. ಆದರೆ ಗೆಳೆಯರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ, ಅದರಲ್ಲೂ ನಿಮಗೆ ಬೇಕಾದದ್ದು ಇದೆ.

ಸ್ಕೈರಿಮ್ (2011) ಶುರುವಾಗುವಾಗ ನಾಯಕ ಕೈ ಕಟ್ಟಿಸಿಕೊಂಡು ಗಾಡಿಯಲ್ಲಿ ಕೂತಿರುತ್ತಾನೆ. ತಲೆ ಕಡಿಯಲು ಕರೆದೊಯ್ಯುತ್ತಿದ್ದಾರೆ. ಗಡಿ ದಾಟುವಾಗ ಸಿಕ್ಕಿಬಿದ್ದ ಅನ್ನುವುದು ಬಿಟ್ಟರೆ ಅವನ ಬಗ್ಗೆ ಏನೂ ಹೇಳುವುದಿಲ್ಲ. ಅದೇ ಸರಣಿಯ ಮಾರೋವಿಂಡ್ (2002), ಒಬ್ಲಿವಿಯನ್ (2006) ಕೂಡ ಕೈದಿಯಿಂದಲೇ ಶುರು. ಆ ಆಟಗಳಿಗೆ ಅದು ಒಪ್ಪುತ್ತದೆ, ಯಾಕೆಂದರೆ ಅಲ್ಲಿನ ಸುಖವೆಲ್ಲ ಅಲೆದಾಟದಲ್ಲಿದೆ. ಗುಡ್ಡದ ಆಚೆ ಏನಿದೆ ಅಂತ ನೋಡಲು ಹೊರಟವನನ್ನು ನಿನ್ನ ಅಪ್ಪ ಯಾರು ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಹುಡುಗನನ್ನು ಎಲ್ಲರೂ ಕೇಳುತ್ತಾರೆ. ಆಗ ಮುಂಬೈಯ ಉಡುಪಿ ಹೋಟೆಲುಗಳಲ್ಲಿ ಹುಡುಗರಿಗೆ ಕೆಲಸ ಸಿಗುತ್ತಿದ್ದದ್ದೇ ಹೆಚ್ಚಾಗಿ ಊರಿನವರ ಪರಿಚಯದಿಂದ. ಗಲ್ಲಾಪೆಟ್ಟಿಗೆಯ ಹತ್ತಿರ ಕೂತ ಧಣಿ ಮೊದಲು ಕೇಳುವುದು ‘ಯಾವ ಊರು, ಯಾರ ಮಗ?’ ಅಂತ. ಅಲ್ಲಿ ಹಿಂದುಮುಂದು ಇಲ್ಲದ ನಾಯಕನನ್ನು ತಂದು ನಿಲ್ಲಿಸಿದರೆ ಯಾರೂ ನಂಬುವುದಿಲ್ಲ.

ಹಾಗಂತ ಅವನ ಮನಸ್ಸನ್ನೂ ನೀವೇ ಬರೆದುಬಿಟ್ಟರೆ ಆಡುವವನಿಗೆ ಉಳಿಯುವುದೇನು? ತಾಳಮದ್ದಳೆ, ಅಂದರೆ ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ನೋಡಿದ್ದೀರಲ್ವಾ? ಪ್ರಸಂಗ ಮೊದಲೇ ಬರೆದದ್ದು. ಕೃಷ್ಣ ಬಂದು ಹುಟ್ಟಿನ ಗುಟ್ಟು ಹೇಳುತ್ತಾನೆ, ಆದರೂ ಕರ್ಣ ಕೌರವನ ಕಡೆಯೇ ಉಳಿಯುತ್ತಾನೆ. ಅದನ್ನು ಬದಲಾಯಿಸುವ ಹಾಗಿಲ್ಲ. ಆದರೆ ಯಾಕೆ ಉಳಿದ ಅನ್ನುವುದನ್ನು ಹೇಳುವವನು ಆ ಪಾತ್ರದ ಮಾತಾಡುವ ಅರ್ಥಧಾರಿ. ಒಬ್ಬರ ಕರ್ಣನಿಗೆ ಅದು ಅನ್ನದ ಋಣ. ಇನ್ನೊಬ್ಬರ ಕರ್ಣನಿಗೆ ಕುಂತಿಯ ಮೇಲೆ ಆರದ ಸಿಟ್ಟು. ನಾನು ಬರೆಯುವಾಗ ಇದನ್ನೇ ಹಿಡಿದುಕೊಳ್ಳುತ್ತೇನೆ: ಏನಾಯಿತು ಅನ್ನುವುದು ನಮ್ಮ ಕೈಯಲ್ಲಿರಲಿ, ಯಾಕೆ ಅನ್ನುವುದನ್ನು ಆಡುವವರು ಹೇಳಲಿ.

ವಿಚರ್ 3 (2015) ಇದನ್ನು ತುಂಬ ಚೆನ್ನಾಗಿ ಮಾಡಿದೆ. ನಾಯಕ ಗೆರಾಲ್ಟ್‌ನ ಕಸುಬು, ಹಳೆಯ ಪ್ರೀತಿ, ಮಗಳಂತೆ ಬೆಳೆಸಿದ ಸಿರಿ, ಎಲ್ಲವೂ ಮೊದಲೇ ಗಟ್ಟಿ. ನಮಗೆ ಬಿಟ್ಟದ್ದು ಅವನು ಎಂಥ ತಂದೆ ಅನ್ನುವುದನ್ನು. ಸಿರಿ ಕುಗ್ಗಿ ಕೂತಾಗ ಕುಡಿದು ಮರೆತುಬಿಡೋಣ ಅನ್ನುತ್ತೀರೋ, ಹೊರಗೆ ಕರೆದೊಯ್ದು ಹಿಮದ ಉಂಡೆ ಎಸೆದು ಆಡಿಸುತ್ತೀರೋ? ಕೊನೆಗೆ ಸಿರಿಗೆ ಏನಾಗುತ್ತದೆ ಅನ್ನುವುದು ಇಂಥ ಕೆಲವು ಸಣ್ಣ ಗಳಿಗೆಗಳ ಮೇಲೆ ನಿಂತಿದೆ.

ಅದೇ ವರ್ಷ ಬಂದ ಫಾಲ್‌ಔಟ್ 4 ನೋಡಿ. ಶುರುವಿನಲ್ಲೇ ಗಂಡ, ಹೆಂಡತಿ, ಮಗು. ಸ್ವಲ್ಪ ಹೊತ್ತಿನಲ್ಲೇ ಬಾಳಸಂಗಾತಿಯ ಕೊಲೆಯಾಗುತ್ತದೆ, ಮಗುವನ್ನು ಕಸಿದುಕೊಂಡು ಹೋಗುತ್ತಾರೆ. ಆಮೇಲೆ ಆಟ ನಮ್ಮನ್ನು ದೊಡ್ಡ ಬಯಲಿಗೆ ಬಿಡುತ್ತದೆ. ನಾವು ಮನೆ ಕಟ್ಟುತ್ತಾ, ಗುಜರಿ ಆಯುತ್ತಾ ಓಡಾಡುತ್ತಿರುತ್ತೇವೆ. ನಾಯಕ ಮಾತ್ರ ಮಾತಿಗೆ ನಿಂತಾಗೆಲ್ಲ ಮಗು ಮಗು ಅಂತ ಹಲುಬುತ್ತಾನೆ. ನಮಗೆ ಆ ಮಗುವಿನ ಪರಿಚಯವಾಗಿ ಎಷ್ಟು ಹೊತ್ತಾಯಿತು? ದುಃಖವನ್ನು ಬರೆದು ಕೈಗೆ ಕೊಟ್ಟರೆ ಅದು ನಮ್ಮದಾಗುವುದಿಲ್ಲ. ನನಗೆ ಇಷ್ಟವಾದ ಆಟವೇ ಇದು, ಆದರೂ ಈ ಒಂದು ಕಡೆ ಅದು ಸೋತಿದೆ ಅಂತಲೇ ಹೇಳುತ್ತೇನೆ.

ಪ್ರಶ್ನೆ (ಹಿಂಜೆವಾಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ಬಿಡುವಿದ್ದಾಗ ಆಟ):
ನಡುವಿನ ದಾರಿ ಇದೆಯಲ್ಲ ಮೇಡಂ? ಸೈಬರ್‌ಪಂಕ್ 2077ರ ಹಾಗೆ ಮೂರು ಹಿನ್ನೆಲೆ ಕೊಟ್ಟು, ಒಂದನ್ನು ಆರಿಸಿಕೊಳ್ಳಿ ಅಂದರೆ ಆಯ್ತಲ್ವಾ?

ಉತ್ತರ:
ಆರಿಸಲು ಕೊಡುವುದು ಸುಲಭ. ಆರಿಸಿದ್ದನ್ನು ಕೊನೆಯವರೆಗೆ ನೆನಪಿಟ್ಟುಕೊಳ್ಳುವುದೇ ಕಷ್ಟ, ಖರ್ಚೂ ಅಲ್ಲೇ. ಸೈಬರ್‌ಪಂಕ್‌ನಲ್ಲಿ (2020) ಅಲೆಮಾರಿ, ಬೀದಿಯ ಹುಡುಗ, ಕಂಪನಿಯ ಆಳು ಅಂತ ಮೂರು ದಾರಿ. ಮೊದಲ ಭಾಗ ಮೂರಕ್ಕೂ ಬೇರೆ ಬೇರೆ. ಆಮೇಲೆ ಮೂರೂ ಒಂದೇ ದಾರಿಗೆ ಬಂದು ಸೇರುತ್ತವೆ. ಮುಂದೆ ಹೆಚ್ಚಾಗಿ ಅಲ್ಲೊಂದು ಇಲ್ಲೊಂದು ಬೇರೆ ಮಾತು ಸಿಗುತ್ತದೆ, ಅಷ್ಟೇ. ತುಂಬ ಜನರಿಗೆ ನಿರಾಸೆಯಾದದ್ದು ಅದಕ್ಕೇ.

ಡ್ರ್ಯಾಗನ್ ಏಜ್: ಒರಿಜಿನ್ಸ್ (2009) ಆರು ಹಿನ್ನೆಲೆ ಕೊಟ್ಟಿತು. ಆರಕ್ಕೂ ಬೇರೆಯೇ ಆರಂಭ, ಆಡಿಯೇ ಮುಗಿಸಬೇಕು. ಕುಳ್ಳರ ರಾಜಮನೆತನದ ಮಗನಾಗಿ ಶುರು ಮಾಡಿದರೆ ತಮ್ಮನ ಸಂಚಿಗೆ ಸಿಕ್ಕಿ ದೇಶಭ್ರಷ್ಟರಾಗುತ್ತೀರಿ. ಎಷ್ಟೋ ಹೊತ್ತಿನ ಆಟದ ನಂತರ ಅದೇ ಊರಿಗೆ ವಾಪಸು ಬಂದಾಗ ಅದೇ ತಮ್ಮ ಸಿಂಹಾಸನಕ್ಕೆ ಹೊಡೆದಾಡುತ್ತಿರುತ್ತಾನೆ, ನಿಮ್ಮ ಬೆಂಬಲ ಕೇಳುತ್ತಾನೆ. ಬೇರೆ ಹೆಚ್ಚಿನ ಹಿನ್ನೆಲೆಯವರಿಗೆ ಅವನು ಯಾರೋ ಒಬ್ಬ ರಾಜಕುಮಾರ. ನಿಮಗೆ ಮಾತ್ರ ಎದೆ ಉರಿಯುತ್ತದೆ. ಮಾಸ್ ಎಫೆಕ್ಟ್ (2007) ಇದನ್ನೇ ಕಡಿಮೆ ಖರ್ಚಿನಲ್ಲಿ ಮಾಡಿತು. ಮೂರು ಹಿನ್ನೆಲೆ, ಪ್ರತಿಯೊಂದಕ್ಕೂ ಮುಂದೆ ಒಂದೇ ಒಂದು ಸಣ್ಣ ಕೆಲಸ. ದೂರದ ಗ್ರಹದ ವಸಾಹತಿನಲ್ಲಿ ಹುಟ್ಟಿದವನಾದರೆ, ಗುಲಾಮರ ವ್ಯಾಪಾರಿಗಳು ಅದೇ ಊರಿನಿಂದ ಎತ್ತಿಕೊಂಡು ಹೋಗಿದ್ದ ಒಬ್ಬ ಹುಡುಗಿ ಸಿಗುತ್ತಾಳೆ. ಅವಳನ್ನು ಸಮಾಧಾನ ಮಾಡಬೇಕು. ಕೆಲವೇ ನಿಮಿಷದ ದೃಶ್ಯ, ಮರೆಯಲು ಆಗುವುದಿಲ್ಲ.

ಒಂದು ವಿದ್ಯಾರ್ಥಿ ತಂಡಕ್ಕೆ ಆರು ಆರಂಭ ಮಾಡಲು ಆಗುವುದಿಲ್ಲ. ಒಂದೇ ಮಾಡಿ, ಆದರೆ ಅದು ಮತ್ತೆ ಮತ್ತೆ ಎದುರಿಗೆ ಬರಲಿ.

ಪೂರ್ತಿ ಗಟ್ಟಿಯಾದ ಹಿನ್ನೆಲೆಯಲ್ಲೂ ತಪ್ಪಿಲ್ಲ. ನಮ್ಮ ಪುಣೆಯ ನಾಡಿಂಗ್ ಹೆಡ್ಸ್ ಸ್ಟುಡಿಯೋ ಮಾಡಿದ ‘ರಾಜಿ’ (2020) ಆಟ ನೋಡಿ. ತಮ್ಮ ಗೋಲುವನ್ನು ಅಸುರರು ಹೊತ್ತೊಯ್ದರು, ಅಕ್ಕ ರಾಜಿ ಹುಡುಕಿಕೊಂಡು ಹೊರಟಳು. ಅದು ಸಾಹಸದ ಆಟ, ರೋಲ್ ಪ್ಲೇಯಿಂಗ್ ಅಲ್ಲ. ಅಷ್ಟು ಹಿನ್ನೆಲೆ ಅಲ್ಲಿಗೆ ಸಾಕು.

ಪ್ರಶ್ನೆ (ಅದೇ ತಂಡದ ಹುಡುಗಿ, ಠಾಣೆ):
ಅಕ್ಕ, ನಾಯಕನ ಬದಲು ನಾಯಕಿಯನ್ನೂ ಆರಿಸಿಕೊಳ್ಳಲು ಬಿಡಬೇಕು ಅಂತ ನನ್ನ ಆಸೆ. ಕನ್ನಡ, ಮರಾಠಿ ಎರಡರಲ್ಲೂ ತರುತ್ತೇವೆ. ಕೆಲಸ ಎಷ್ಟು ಹೆಚ್ಚಾಗುತ್ತದೆ?

ಉತ್ತರ:
ಕನ್ನಡದಲ್ಲಿ ನಾಯಕನ ಸ್ವಂತ ಮಾತು ಹಾಗೇ ಉಳಿಯುತ್ತದೆ. ‘ನಾನು ಬಂದೆ’ ಅನ್ನುವುದು ಹುಡುಗನಿಗೂ ಹುಡುಗಿಗೂ ಒಂದೇ. ಅವರ ಬಗ್ಗೆ ಬೇರೆಯವರು ಆಡುವ ಮಾತನ್ನು ಮಾತ್ರ ಎರಡು ಸಲ ಬರೆಯಬೇಕು. ಮರಾಠಿಯಲ್ಲಿ ‘ಮೀ ಆಲೋ’, ‘ಮೀ ಆಲೇ’ ಅಂತ ಸ್ವಂತ ಮಾತೂ ಬದಲಾಗುತ್ತದೆ, ಆದ್ದರಿಂದ ಅಲ್ಲಿ ಸಾಲುಗಳು ಜಾಸ್ತಿ. ಧ್ವನಿ ಹಾಕುವುದಾದರೆ ಎರಡೂ ಭಾಷೆಯಲ್ಲಿ ಇಬ್ಬಿಬ್ಬರು ಬೇಕು.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. 1981ರ ಉಡುಪಿ ಹೋಟೆಲಲ್ಲಿ ಟೇಬಲ್ ಒರೆಸುತ್ತಿದ್ದವರು ಹೆಚ್ಚಾಗಿ ಗಂಡು ಹುಡುಗರು, ರಾತ್ರಿ ಮಲಗುತ್ತಿದ್ದದ್ದೂ ಅಲ್ಲೇ. ಹುಡುಗಿಯನ್ನು ಸುಮ್ನೆ ಆ ಜಾಗಕ್ಕೆ ತಂದು ಇಟ್ಟರೆ ಅವಳಿಗೂ ಮೋಸ, ಆ ಕಾಲಕ್ಕೂ ಮೋಸ. ಅವಳು ಮುಂಬೈಗೆ ಹೇಗೆ ಬಂದಳು, ಯಾರ ಮನೆಯಲ್ಲಿದ್ದಾಳೆ ಅನ್ನುವುದೇ ಬೇರೆ ಕತೆ. ಆ ಕತೆ ಬರೆಯುವ ಮನಸ್ಸಿದ್ದರೆ ಅವಳನ್ನೇ ನಾಯಕಿ ಮಾಡಿ. ನಾನಂತೂ ಖುಷಿಯಿಂದ ಆಡುತ್ತೇನೆ.

ಪ್ರಶ್ನೆ (ಮಡಗಾಂವ್‌ನಿಂದ):
ನಾಯಕನಿಗೆ ನೆನಪೇ ಹೋಗಿದೆ ಅಂತ ಮಾಡಿದರೆ ಸಮಸ್ಯೆಯೇ ಇಲ್ಲವಲ್ಲ?

ಉತ್ತರ:
ಪ್ಲೇನ್‌ಸ್ಕೇಪ್: ಟಾರ್ಮೆಂಟ್ (1999), ಡಿಸ್ಕೋ ಎಲಿಸಿಯಂ (2019) ಎರಡೂ ಹಾಗೇ ಶುರುವಾಗುತ್ತವೆ. ಆದರೆ ಅಲ್ಲಿ ಮರೆತವನು ನಾಯಕ ಮಾತ್ರ, ಸುತ್ತಲಿನವರಿಗೆ ಎಲ್ಲ ನೆನಪಿದೆ. ಬರೆಯುವವರು ಆ ಹಿನ್ನೆಲೆಯನ್ನು ಇನ್ನೂ ಹೆಚ್ಚು ಎಚ್ಚರದಿಂದ ಕಟ್ಟಬೇಕಾಯಿತು. ಕೆಲಸ ತಪ್ಪಿಸಿಕೊಳ್ಳಲು ಈ ದಾರಿ ಹಿಡಿಯಬೇಡಿ.

ಪ್ರಶ್ನೆ (ಮತ್ತೆ ಡೊಂಬಿವಲಿಯ ವಿದ್ಯಾರ್ಥಿ):
ಹಾಗಾದ್ರೆ ನಮ್ಮ ಆಟದಲ್ಲಿ ಯಾವುದನ್ನು ಗಟ್ಟಿ ಮಾಡಬೇಕು, ಯಾವುದನ್ನು ಬಿಡಬೇಕು?

ಉತ್ತರ:
ಗಟ್ಟಿ ಮಾಡಲು ನಿಮಗೆ ಒಳ್ಳೆಯ ಘಟನೆಯೇ ಇದೆ. ಕರ್ನಾಟಕದಲ್ಲಿ 1974ರಲ್ಲಿ ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು. ಗೇಣಿಗೆ ಉಳುತ್ತಿದ್ದವರಿಗೆ ಜಮೀನು ಸಿಕ್ಕಿತು, ಗೇಣಿ ಪಡೆಯುತ್ತಿದ್ದವರ ಕೈಯಿಂದ ಹೋಯಿತು. ನಿಮ್ಮ ಹುಡುಗನ ಮನೆಯ ಗದ್ದೆ ಹೋಯಿತು ಅಂತ ಬರೆಯಿರಿ. ಅಪ್ಪ ಸಾಲ ಮಾಡಿದ. ಮಗ ಬಸ್ಸು ಹತ್ತಿದ. ಇಷ್ಟು ಬದಲಾಗದ್ದು.

ಆಮೇಲೆ ಅವನನ್ನು ಬೇರೆ ಬೇರೆಯವರು ಕೇಳಲಿ: ಯಾಕೆ ಬಂದೆ? ಧಣಿ ಒಮ್ಮೆ ಕೇಳಲಿ, ರಾತ್ರಿ ಶಾಲೆಯ ಮೇಷ್ಟ್ರು ಒಮ್ಮೆ, ಪಕ್ಕದಲ್ಲಿ ಚಾಪೆ ಹಾಸಿ ಮಲಗುವ ಗೆಳೆಯ ಒಮ್ಮೆ. ಅಪ್ಪನ ಸಾಲ ತೀರಿಸಲು ಅನ್ನಬಹುದು. ಅಪ್ಪನ ಮುಖ ನೋಡಲಾಗದೆ ಅನ್ನಬಹುದು. ಓದಬೇಕಿತ್ತು ಅನ್ನಬಹುದು. ಒಬ್ಬೊಬ್ಬರಿಗೆ ಒಂದೊಂದು ಹೇಳಬಹುದು, ಮನುಷ್ಯರು ಹೇಳುವುದೂ ಹಾಗೇ ಅಲ್ವಾ? ಯಾರಿಗೆ ಏನು ಹೇಳಿದ ಅನ್ನುವುದನ್ನು ಆಟ ಬರೆದಿಟ್ಟುಕೊಳ್ಳಲಿ. ಪೆಂಟಿಮೆಂಟ್ (2022) ಆಡಿ ನೋಡಿ. ನಾಯಕ ಆಂಡ್ರಿಯಾಸ್ ಎಲ್ಲಿ ತಿರುಗಾಡಿ ಬಂದ, ಏನು ಓದಿದ ಅನ್ನುವುದನ್ನು ಅಲ್ಲಿ ಮಾತಿನ ನಡುವೆಯೇ ಆರಿಸುತ್ತೇವೆ. ಫಾರ್ಮ್ ತುಂಬಿಸಿದ ಹಾಗೆ ಅನ್ನಿಸುವುದಿಲ್ಲ.

ಇನ್ನು ಮುಷ್ಕರ. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಂದಾಳುತನದಲ್ಲಿ ಶುರುವಾಯಿತು. ಸುಮಾರು 2.5 ಲಕ್ಷ ಕಾರ್ಮಿಕರು ಕೆಲಸ ನಿಲ್ಲಿಸಿದರು. ನಿಮ್ಮ ಹೋಟೆಲಲ್ಲಿ ಊಟ ಮಾಡುವ ಕಾರ್ಮಿಕರಿಗೆ ಸಂಬಳವಿಲ್ಲ. ಉದ್ರಿ ಪಟ್ಟಿ ಬೆಳೆಯುತ್ತದೆ. ಧಣಿ ಒಂದು ದಿನ, ‘ಇವರ ಹತ್ತಿರ ಹೋಗಿ ದುಡ್ಡು ಕೇಳು’ ಅಂತ ಪಟ್ಟಿಯನ್ನು ಇವನ ಕೈಗೆ ಕೊಡುತ್ತಾನೆ. ಅಪ್ಪನ ಸಾಲ ನೋಡಿ ಬಂದ ಹುಡುಗ ಇವನು.

ಮೊದಲು ಆ ದೃಶ್ಯ ಬರೆಯಿರಿ, ಮೂರು ಉತ್ತರಗಳಿಗೂ ಬೇರೆ ಬೇರೆ ಸಾಲು ಹಾಕಿ. ಬರೆದದ್ದನ್ನು ಇಲ್ಲೇ ಹಾಕಿ, ಭಾನುವಾರ ಕೂತು ಓದುತ್ತೇನೆ.