ಸಹಾಯ ಬೇಕು: ಕಾರ್ಡೋಬಾದ ಇಸ್ಲಾಮಿಕ್ ಪರಂಪರೆಯನ್ನು ನೋಡುವ ಬಗ್ಗೆ

ಗುಂಪಿನ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಬರುವ ಮಾರ್ಚ್ ತಿಂಗಳಲ್ಲಿ ತಾಯಿಯವರೊಂದಿಗೆ ಸ್ಪೇನಿನ ಕಾರ್ಡೋಬಾದಲ್ಲಿ ಎರಡು ದಿನ ಇರಲಿದ್ದೇನೆ. ಕಲಬುರಗಿ ಕೋಟೆಯ ಜಾಮಿ ಮಸೀದಿಯನ್ನು ಆ ಊರಿನ ಮಹಾಮಸೀದಿಗೆ ಹೋಲಿಸುವುದನ್ನು ಬಾಲ್ಯದಿಂದ ಕೇಳುತ್ತ ಬೆಳೆದವನಾದ್ದರಿಂದ, ಅಲ್ಲಿನ ಮುಸ್ಲಿಂ ದೊರೆ ಒಂದನೇ ಅಬ್ದುಲ್ ರಹಮಾನ್ 8ನೇ ಶತಮಾನದ ಕೊನೆಯಲ್ಲಿ ಆರಂಭಿಸಿದ, ಇಂದಿಗೂ 850ಕ್ಕೂ ಹೆಚ್ಚು ಕಂಬಗಳು ಉಳಿದಿರುವ, ಕೆಂಪು-ಬಿಳಿ ಪಟ್ಟೆಯ ಜೋಡಿ ಕಮಾನುಗಳ ಆ ಕಟ್ಟಡವನ್ನು ಅವಸರವಿಲ್ಲದೆ ನೋಡಬೇಕೆಂಬುದು ನನ್ನ ಬಹುದಿನದ ಆಸೆ. 1236ರಲ್ಲಿ ನಗರವು ಕ್ರೈಸ್ತ ದೊರೆ ಮೂರನೇ ಫರ್ಡಿನಾಂಡನ ವಶವಾದ ಮೇಲೆ ಅದು ಚರ್ಚಾಯಿತು. 16ನೇ ಶತಮಾನದಲ್ಲಿ ಕಂಬಗಳ ನಡುವೆಯೇ ಎತ್ತರದ ಕೆಥೆಡ್ರಲ್ ಎದ್ದಿತು. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಮಸೀದಿಯಾಗಿದ್ದಾಗ ದೊರೆ ಎರಡನೇ ಅಲ್-ಹಕಮ್ ಕಟ್ಟಿಸಿದ ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕನ್ನು ತೋರುವ ಗೋಡೆಯ ಗೂಡಿನ) ಸುತ್ತ ಚಿನ್ನದ ಮೊಸಾಯಿಕ್‌ನಲ್ಲಿರುವ ಅರಬ್ಬಿ ಬರಹ. ಅರಬ್ಬಿಯ ಹಳೆಯ ಬರವಣಿಗೆ ಶೈಲಿಯಾದ ಕೂಫಿ ಲಿಪಿಯನ್ನು ಓದಬಲ್ಲವರು ಅದರ ತಾತ್ಪರ್ಯವನ್ನು ದಯವಿಟ್ಟು ಕನ್ನಡದಲ್ಲಿ ತಿಳಿಸುವಿರಾ?

ಎರಡನೆಯ ದಿನ, ಮೂರನೇ ಅಬ್ದುಲ್ ರಹಮಾನ್ 936ರ ಸುಮಾರಿಗೆ ಬೆಟ್ಟದ ಇಳಿಜಾರಿನಲ್ಲಿ ಹಂತಹಂತವಾಗಿ ಕಟ್ಟಿಸತೊಡಗಿದ ಅರಮನೆ ನಗರ ಮದೀನತ್ ಅಲ್-ಝಹ್ರಾದ ಅವಶೇಷಗಳಿಗೆ ಹೋಗುವ ಯೋಚನೆಯಿದೆ. ತಾಯಿಯವರಿಗೆ ಮಂಡಿನೋವಿರುವುದರಿಂದ, ಅಲ್ಲಿ ಎಷ್ಟು ಮೆಟ್ಟಿಲು ಹತ್ತಿಳಿಯಬೇಕು, ನಡುವೆ ಕೂರಲು ನೆರಳಿದೆಯೇ ಎಂಬುದನ್ನು ನೋಡಿಬಂದವರು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.