ಜಪಾನೀ ಕಥೆ ಓದಿದರೆ ತಿಳಿಯುತ್ತದೆ, ಕೇಳಿದರೆ ತಿಳಿಯುವುದಿಲ್ಲ

ಪ್ರಶ್ನೆ (ದಾವಣಗೆರೆಯಿಂದ):
ಎರಡು ವರ್ಷಗಳಿಂದ ಮನೆಯಲ್ಲೇ ಕುಳಿತು ಜಪಾನೀ ಕಲಿಯುತ್ತಿದ್ದೇನೆ. ಹಿರಗಾನ, ಕಟಕಾನ ಲಿಪಿಗಳು ಸರಾಗವಾಗಿವೆ, ಚೀನೀ ಮೂಲದ ಅಕ್ಷರಗಳಾದ ಕಾಂಜಿಗಳಲ್ಲಿ ಸುಮಾರು 600ರ ಪರಿಚಯವಿದೆ. ಡಿಸೆಂಬರಿನಲ್ಲಿ ಬೆಂಗಳೂರಿಗೆ ಹೋಗಿ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯ ಎನ್3 ಹಂತವನ್ನು ಬರೆಯುವ ಯೋಚನೆಯಿದೆ. ಸಾಹಿತ್ಯದ ಮೂಲಕವೇ ಕಲಿಯಬೇಕೆಂಬ ಹಟದಿಂದ ನಾತ್ಸುಮೆ ಸೋಸೆಕಿಯವರ 1914ರ ಕಾದಂಬರಿ ‘ಕೊಕೊರೊ’ವನ್ನು ಹಿಡಿದೆ. ಪುಟಕ್ಕೆ ನಲವತ್ತು ಪದಗಳನ್ನು ನಿಘಂಟಿನಲ್ಲಿ ಹುಡುಕಿ ಬರೆದುಕೊಂಡರೂ ಮರುದಿನ ಐದಾರು ಉಳಿದರೆ ಹೆಚ್ಚು. ಅದಕ್ಕಿಂತ ಬೇಸರದ ಸಂಗತಿಯೆಂದರೆ, ನಾನೇ ಓದಿ ಅರ್ಥಮಾಡಿಕೊಂಡ ವಾಕ್ಯವನ್ನು ಧ್ವನಿಯಲ್ಲಿ ಕೇಳಿದಾಗ ಗುರುತೇ ಸಿಗುವುದಿಲ್ಲ. ಏನು ಮಾಡಬೇಕು?

ಉತ್ತರ 1 (ಚಿತ್ರದುರ್ಗದಿಂದ):
ತಾವು ಕಣ್ಣಿನಿಂದ ಕಲಿತಿದ್ದೀರಿ, ಕಿವಿ ಹಿಂದುಳಿದಿದೆ. ಕಾಂಜಿ ಕಂಡ ಕೂಡಲೇ ಅರ್ಥ ಹೊಳೆಯುವುದರಿಂದ ಉಚ್ಚಾರಣೆಯ ಗೊಡವೆಗೆ ನಾವು ಹೋಗುವುದೇ ಇಲ್ಲ. ನೀರಿನ ಕಾಂಜಿಯನ್ನೇ ನೋಡಿ: ಒಂಟಿಯಾಗಿದ್ದಾಗ ಅದು ‘ಮಿಜು’, ಬುಧವಾರದ ಹೆಸರಾದ ‘ಸುಯಿಯೋಬಿ’ಯಲ್ಲಿ ಅದೇ ‘ಸುಯಿ’. ಪದವನ್ನು ಬಾಯಿಬಿಟ್ಟು ಓದದೆ ಮುಂದಿನ ಸಾಲಿಗೆ ಹೋಗಬೇಡಿ.

ಸೋಸೆಕಿಯವರನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ನಿಯಿಮಿ ನಾನ್‌ಕಿಚಿಯವರ 1932ರ ಮಕ್ಕಳ ಕಥೆ ‘ಗೊನ್‌ಗಿತ್ಸುನೆ’ (ಗೊನ್ ಎಂಬ ನರಿಯ ಕಥೆ) ಜಪಾನಿನ ನಾಲ್ಕನೆಯ ತರಗತಿಯ ಪಠ್ಯದಲ್ಲಿದೆ. ಹಕ್ಕುಸ್ವಾಮ್ಯ ಮುಗಿದ ಕೃತಿಗಳ ಅಓಜೊರಾ ಬುಂಕೊ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದರ ವಾಚನವನ್ನು ಹುಡುಕಿ, ಮೊದಲು ಪುಸ್ತಕ ಮುಚ್ಚಿ ಒಂದು ಪರಿಚ್ಛೇದ ಕೇಳಿ, ಬಳಿಕ ಓದಿ, ಮತ್ತೆ ಮುಚ್ಚಿ ಕೇಳಿ. ಬೇಸರವಾಗುವಷ್ಟು ಸಲ ಕೇಳಿದ ಮೇಲೆಯೇ ಕಿವಿ ಪದಗಳನ್ನು ಬಿಡಿಸಿಕೊಳ್ಳುತ್ತದೆ.

ಉತ್ತರ 2 (ದಾವಣಗೆರೆಯಿಂದ):
ಹಿಂದಿನ ಉತ್ತರವನ್ನು ಒಪ್ಪುತ್ತೇನೆ. ಆದರೆ ತಮ್ಮ ನಿಘಂಟು ಇಂಗ್ಲಿಷಿನದಾಗಿದ್ದರೆ ಅರ್ಧ ಶ್ರಮ ವ್ಯರ್ಥ; ಜಪಾನೀ ವಾಕ್ಯವನ್ನು ನೇರವಾಗಿ ಕನ್ನಡಕ್ಕೆ ಹೊಂದಿಸಿ ನೋಡಿ. ‘ತಾಬೆತೆ ಮಿರು’ ಎಂದರೆ ಅಕ್ಷರಶಃ ‘ತಿಂದು ನೋಡು’, ‘ತಾಬೆತೆ ಶಿಮಾವು’ ಎಂದರೆ ‘ತಿಂದುಬಿಡು’, ‘ತೊ ಇಯು’ ಎಂದರೆ ನಮ್ಮ ‘ಎಂಬ’. ಕ್ರಿಯಾಪದ ಕೊನೆಗೆ ಬರುವ ಆ ಉದ್ದ ವಾಕ್ಯಗಳು ನಮಗೆ ಹೊಸವೇನಲ್ಲ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ‘ಕಿತೆ’ ಎಂದರೆ ‘ಬಂದು’, ‘ಕಿತ್ತೆ’ ಎಂದರೆ ಅಂಚೆಚೀಟಿ. ದೀರ್ಘ, ಒತ್ತಕ್ಷರಗಳಲ್ಲಿ ಬೆಳೆದ ಕಿವಿಗೆ ಈ ವ್ಯತ್ಯಾಸ ಬೇಗ ಹತ್ತುತ್ತದೆ. ಸ್ವರದ ಏರಿಳಿತ ಮಾತ್ರ ನಮ್ಮ ಲಿಪಿಯಲ್ಲಿ ಸಿಗದು: ಟೋಕಿಯೊದ ನುಡಿಯಲ್ಲಿ ‘ಹಶಿ’ಯ ಮೊದಲ ಅಕ್ಷರ ಏರಿದರೆ ಊಟದ ಕಡ್ಡಿ, ಎರಡನೆಯದು ಏರಿದರೆ ಸೇತುವೆ.

ಉತ್ತರ 3:
ಕಥೆ ಓದಿ, ಆದರೆ ಪರೀಕ್ಷೆಯನ್ನು ಕಥೆಗೇ ಒಪ್ಪಿಸಬೇಡಿ. ಎನ್3ರಲ್ಲಿ 180ಕ್ಕೆ 95 ಅಂಕ ಬಂದರೂ, ಆಲಿಸುವ ವಿಭಾಗದಲ್ಲಿ 60ಕ್ಕೆ 19 ಬಾರದಿದ್ದರೆ ಅನುತ್ತೀರ್ಣರೇ. ಅಲ್ಲಿ ಸಂಭಾಷಣೆಯನ್ನು ಒಂದೇ ಸಲ ಕೇಳಿಸುತ್ತಾರೆ. ಕಚೇರಿ, ಅಂಗಡಿ, ರೈಲು ನಿಲ್ದಾಣಗಳ ಮಾತು ನರಿಯ ಕಥೆಯಲ್ಲಿ ಎಲ್ಲಿಂದ ಬರಬೇಕು? ಹಳೆಯ ಮಾದರಿ ಪ್ರಶ್ನೆಗಳ ಧ್ವನಿಯನ್ನು ದಿನಕ್ಕೆ ಇಪ್ಪತ್ತು ನಿಮಿಷ ಕೇಳಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆಗಳು. ನಿನ್ನೆ ರಾತ್ರಿ ನರಿಯ ಕಥೆಯ ಮೊದಲ ಪರಿಚ್ಛೇದವನ್ನು ಹನ್ನೊಂದು ಸಲ ಕೇಳಿದೆ. ಏಳನೆಯ ಸಲಕ್ಕೆ ‘ತೊ ಇಯು’ ಕಿವಿಗೆ ಬಿತ್ತು.